ಅಂಬುಜಾಳ ದಾಟುಪುಸ್ತಕ

ಬೀಗದ ವೀರಾಚಾರಿ ಎಂದರೆ ನಮ್ಮೂರಿನಲ್ಲಿ ಕಾಗೆಗಳಿಗೂ ಗೊತ್ತು. ನಾನು ಮಾಡಿದ ಬೀಗವನ್ನು ಒಮ್ಮೆ ಹಾಕಿದರೆ ಒಳಗಿನ ಗಾಳಿ ಕೂಡ ನನ್ನ ಅಪ್ಪಣೆ ಕೇಳಿ ಹೊರಗೆ ಬರಬೇಕು. ಒಮ್ಮೆ ಮೂರು ಊರಿನ ಕಳ್ಳರು ಒಟ್ಟಾಗಿ ಬಂದು ನನ್ನ ಕಾಲಿಗೆ ಬಿದ್ದು, ಆಚಾರ್ರೇ, ನಮಗೂ ಹೆಂಡತಿ ಮಕ್ಕಳಿದ್ದಾರೆ, ಸ್ವಲ್ಪ ಸಡಿಲವಾಗಿ ಮಾಡಿ ಎಂದು ಬೇಡಿಕೊಂಡಿದ್ದರು. ಮೂರಲ್ಲ, ಏಳು ಊರು. ಇದನ್ನು ಮೊದಲೇ ಹೇಳಿಬಿಡುವುದಕ್ಕೆ ಕಾರಣವಿದೆ. ಮುಂದೆ ನಾನು ಹೇಳುವುದರಲ್ಲಿ ಒಂದು ಭಾಗ ಪೂರ್ತಿ ನಿಜ. ಅದು ಯಾವುದೆಂದು ನಿಮಗೇ ಗೊತ್ತಾಗುತ್ತದೆ, ಏಕೆಂದರೆ ಅಲ್ಲಿ ನಾನು ಅಷ್ಟು ಚೆನ್ನಾಗಿ ಕಾಣಿಸುವುದಿಲ್ಲ.

ನಮ್ಮೂರಿನಲ್ಲಿ ಐವತ್ತು ಕಳೆದವರಿಗೆ ಯಾವುದೋ ಒಂದು ಬೆಳಿಗ್ಗೆ ಮಾತು ದಾಟುತ್ತದೆ. ಸಾರಿಗೆ ಉಪ್ಪು ಕಡಿಮೆಯೆಂದು ಸೊಸೆಯನ್ನು ಬೈದು ಮಲಗಿದವರು ಎದ್ದಾಗ ಆಚೆ ನುಡಿಯಲ್ಲಿ ಮಾತಾಡುತ್ತಾರೆ. ಆಮೇಲೆ ನಮ್ಮ ಮಾತು ಅವರಿಗೆ ತಿಳಿಯುವುದಿಲ್ಲ, ಅವರ ಮಾತು ನಮಗೆ ತಿಳಿಯುವುದಿಲ್ಲ. ಹೂಂ ಎನ್ನಲು ತಲೆಯಾಡಿಸುವುದು, ಬೇಡವೆನ್ನಲು ಕೈಯಾಡಿಸುವುದು ಕೂಡ ಅವರಿಗೆ ಮರೆತಿರುತ್ತದೆ. ಒಬ್ಬರಿಗೆ ಐವತ್ತೆರಡಕ್ಕೆ, ಇನ್ನೊಬ್ಬರಿಗೆ ಎಂಬತ್ತಕ್ಕೆ. ದಾಟಿದ ಮೇಲೆ ಒಂದೇ ವರ್ಷ ಬದುಕುವವರಿದ್ದಾರೆ, ಇಪ್ಪತ್ತು ವರ್ಷ ಬದುಕಿ ಮೊಮ್ಮಕ್ಕಳ ಮದುವೆಯಲ್ಲಿ ಹೋಳಿಗೆ ತಿಂದವರೂ ಇದ್ದಾರೆ. ಆಚೆ ನುಡಿಯ ದೇಶ ಎಲ್ಲಿದೆ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಹೆಣ್ಣು ನೋಡಲು ಹೋದವರು ನಿಮ್ಮ ಮನೆಯಲ್ಲಿ ಎಷ್ಟು ಜನ ದಾಟಿದ್ದಾರೆ ಎಂದು ಕೇಳುತ್ತಾರೆ, ಅಷ್ಟೆ. ಪೇಟೆ ಬೀದಿಯ ಹೋಟೆಲಿನ ಪುಟ್ಟರುದ್ರನಿಗೆ ಸಕ್ಕರೆ ಇಲ್ಲದ ಚಹಾ ಎನ್ನುವ ಒಂದೇ ಮಾತು ಆಚೆ ನುಡಿಯಲ್ಲಿ ಬರುತ್ತದೆ, ಅದರಿಂದಲೇ ಅವನ ಬೆಂಚುಗಳು ಹಗಲೆಲ್ಲ ತುಂಬಿರುತ್ತವೆ.

ಇದಕ್ಕೆ ಉಪಾಯ ಒಂದೇ, ದಾಟುಪುಸ್ತಕ. ಮಾತು ಬಾಯಲ್ಲಿ ಇರುವಾಗಲೇ ಪ್ರತಿಯೊಬ್ಬರೂ ತಮಗೆ ಮುಂದೆ ಬೇಕಾಗುವ ಮಾತುಗಳನ್ನು ಎರಡು ಪ್ರತಿ ಬರೆದೋ ಬರೆಸಿಯೋ ಇಡಬೇಕು. ದಾಟಿದ ಮೇಲೆ ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟರೆ ಆ ಸಾಲುಗಳನ್ನು ಗಟ್ಟಿಯಾಗಿ ಓದುತ್ತಾರೆ. ಅಕ್ಷರ ನಮ್ಮದೇ, ಬಾಯಿಂದ ಬರುವುದು ಮಾತ್ರ ಆಚೆ ನುಡಿ. ಇನ್ನೊಂದು ಪ್ರತಿ ಹಿಡಿದು ಮನೆಯವರು ಎದುರಿಗೆ ಕೂರುತ್ತಾರೆ. ಅವರ ದನಿ ಯಾವ ಸಾಲಿನ ಮೇಲಿದೆಯೋ ನಮ್ಮ ಬೆರಳೂ ಅದೇ ಸಾಲಿನ ಮೇಲಿರಬೇಕು. ಇದಕ್ಕೆ ಜೊತೆಓದು ಎನ್ನುತ್ತಾರೆ. ಬರೀ ಕೇಳಿದರೆ ಅದು ಹೊಳೆಯ ಸದ್ದು. ಬರೀ ಓದಿದರೆ ನಮ್ಮದೇ ಹಳೆಯ ಮಾತು. ಕಣ್ಣು ಕಿವಿ ಎರಡನ್ನೂ ನಲವತ್ತು ದಿನ ಒಂದೇ ಸಾಲಿನ ಮೇಲೆ ಕೂರಿಸಿದರೆ ಹೇಗೋ ಬೇಕಾದಷ್ಟು ಹತ್ತುತ್ತದೆ. ಒಂದು ಎಚ್ಚರಿಕೆ ಮಾತ್ರ ಇದೆ. ದಾಟುವ ಮೊದಲು ಬರೆದದ್ದಷ್ಟೇ ಅವರಿಗೆ ಅಕ್ಷರ. ಆಮೇಲೆ ನಾವು ಏನು ಬರೆದು ಹಿಡಿದರೂ ಗೋಡೆಯ ಬಿರುಕನ್ನು ನೋಡಿದ ಹಾಗೆ ನೋಡಿ ಮುಖ ತಿರುಗಿಸುತ್ತಾರೆ. ಬರೆದ ಪುಸ್ತಕಕ್ಕೆ ತಿದ್ದುಪಡಿ ಇಲ್ಲ.

ನನ್ನ ಹೆಂಡತಿ ಅಂಬುಜಾಗೆ ಐವತ್ತಾರು ತುಂಬಿದಾಗ ಅವಳೇ ಪೇಟೆಗೆ ಹೋಗಿ ಎರಡು ನೋಟುಬುಕ್ಕು ತಂದು, ನಾನು ಅರ ಉಜ್ಜುತ್ತಿದ್ದ ಮಣೆಯ ಮೇಲೆ ಇಟ್ಟಳು. ಅವಳಿಗೆ ಓದಲು ಚೆನ್ನಾಗಿ ಬರುತ್ತಿತ್ತು, ಬರೆಯಲು ಕೈ ನಡುಗುತ್ತಿತ್ತು.

"ನಾನು ಹೇಳ್ತೀನಿ, ನೀವು ಬರ್ಕೊಳ್ಳಿ. ನೀರು ಬೇಕು."

"ನೀರು ಬೇಕು ಅಂತ ಊರೆಲ್ಲ ಬರ್ಕೊಂಡಿದೆ. ವೀರಾಚಾರಿ ಹೆಂಡ್ತಿ ಪುಸ್ತಕದಲ್ಲೂ ಅದೇನಾ?"

"ವೀರಾಚಾರಿ ಹೆಂಡ್ತಿಗೂ ಬಾಯಾರ್ತದೆ."

"ನಿನಗೆ ಬಾಯಾರಿದ್ರೆ ಮುಖ ನೋಡಿದ್ರೇ ಗೊತ್ತಾಗುತ್ತೆ ನನಗೆ. ಮೂವತ್ತೆಂಟು ವರ್ಷ ಆಯ್ತು ಜೊತೆಗಿದ್ದು."

"ಮೂವತ್ತೆಂಟು ವರ್ಷದಲ್ಲಿ ಒಂದಿನಾನೂ ಗೊತ್ತಾಗಿಲ್ಲ. ಸುಮ್ನೆ ಬರೀರಿ."

ನಾನು ಬರೆಯಲಿಲ್ಲ. ಜೊತೆಓದಿನ ಮೊದಲ ದಿನ ಬೀದಿಯವರೆಲ್ಲ ಬಂದು ಕೂರುವುದು ನಮ್ಮಲ್ಲಿ ಪದ್ಧತಿ, ಪುಸ್ತಕ ಕೈಯಿಂದ ಕೈಗೆ ಹೋಗುತ್ತದೆ. ಅಷ್ಟು ಜನರ ಮುಂದೆ ನನ್ನ ಮನೆಯ ಪುಸ್ತಕದಲ್ಲಿ ನೀರು, ಅನ್ನ, ಮಂಡಿನೋವು ಇದ್ದರೆ ನನ್ನ ಮರ್ಯಾದೆ ಏನಾಗಬೇಕು? ಪಕ್ಕದ ಮನೆಯ ದರ್ಜಿ ಮರಿಸ್ವಾಮಿಯ ತಾಯಿ ಚಿಕ್ಕತಾಯಮ್ಮ ದಾಟಿದಾಗ ಅವರ ಪುಸ್ತಕ ನೋಡಿ ನಾನೇ ಎಷ್ಟು ನಕ್ಕಿದ್ದೆ. ಬೆಕ್ಕಿಗೆ ಹಾಲು ಹಾಕಿ. ಬೆನ್ನು ತುರಿಸುತ್ತಿದೆ. ಇಂಥವೇ ಇಪ್ಪತ್ತೆಂಟು ಸಾಲು. ಹಾಗಾಗಿ ನಾನು ದೊಡ್ಡ ಅಕ್ಷರದಲ್ಲಿ ಆರಂಭಿಸಿದೆ. ನನ್ನ ಗಂಡ ವೀರಾಚಾರಿ ಹತ್ತು ಸಾವಿರ ಕಳ್ಳರನ್ನು ಸೋಲಿಸಿದ. ರಾಜನೇ ಬಂದು ಅವನ ಕೈ ಹಿಡಿದು ಹೊಗಳಿದ. ಅವನು ಬರಿಗೈಯಲ್ಲಿ ಹುಲಿಯನ್ನು ಓಡಿಸಿದ. ಅವನನ್ನು ಕಂಡರೆ ಭಯಕ್ಕೇ ಭಯ.

ಅಂಬುಜಾ ಸೆರಗಿನಿಂದ ಕಣ್ಣು ಒರೆಸಿಕೊಳ್ಳುವಷ್ಟು ನಕ್ಕಳು. "ಹುಲಿನಾ?"

"ಹುಲಿನೇ."

"ಮತ್ತೆ ಅಟ್ಟ ಹತ್ತಿ ಕೂತಿದ್ದು ಯಾರು, ನಮ್ಮಪ್ಪನಾ?"

ಅದು ನಮ್ಮ ಮದುವೆಯಾದ ಹೊಸತು. ನಾನು ಬೀಗ ಮಾಡುವ ಕಮ್ಮಟಕ್ಕೆ ಒಂದು ಪಟ್ಟೆ ಬೆಕ್ಕು ನುಗ್ಗಿತ್ತು. ಕೊಂಚ ದೊಡ್ಡ ಬೆಕ್ಕು, ಕರುವಿನಷ್ಟು ಅನ್ನಿ. ಅದನ್ನು ಮೊರದಿಂದ ಹೊಡೆದು ಓಡಿಸಿದವಳು ಅವಳು. ಈ ಸಣ್ಣ ವ್ಯತ್ಯಾಸ ಬಿಟ್ಟರೆ ಉಳಿದದ್ದೆಲ್ಲ ನಾನು ಬರೆದ ಹಾಗೆಯೇ ನಡೆದದ್ದು.

ಅರವತ್ತನಾಲ್ಕು ಸಾಲಾಯಿತು. ಎಲ್ಲವನ್ನೂ ಅವಳಿಗೆ ಓದಿ ಹೇಳಿದೆ. ಅವಳು ನೋಟುಬುಕ್ಕನ್ನು ಎಳೆದುಕೊಂಡು ಪುಟಗಳನ್ನು ತಿರುವಿ, "ಆಯ್ತು, ನಿಮ್ಮ ಖುಷಿ" ಅಂದಳು. "ಕೊನೇಲಿ ಒಂದು ಸಾಲು ಜಾಗ ಬಿಟ್ಟಿಡಿ. ಅದು ನಂದು."

"ಏನು ಬರೀಬೇಕು ಹೇಳು, ಈಗಲೇ ಬರೀತೀನಿ."

"ಈಗ ಬೇಡ. ನಿಮಗೆ ನಗು ಬರದೇ ಇರೋ ದಿನ ನೋಡಿ ಹೇಳ್ತೀನಿ."

ನನಗೆ ನಗು ಬರದ ದಿನ ಎಲ್ಲಿಂದ ಬರಬೇಕು. ಎಂಟು ತಿಂಗಳಲ್ಲಿ ಎರಡು ಮೂರು ಸಲ ಅವಳು ಕಮ್ಮಟದ ಬಾಗಿಲಿಗೆ ಬಂದು ನಿಂತದ್ದುಂಟು. ಪ್ರತಿ ಸಲವೂ ನಾನು ಯಾರಿಗೋ ಏನೋ ಹೇಳಿ ಅವರನ್ನು ಬಿದ್ದು ಬಿದ್ದು ನಗಿಸುತ್ತಿದ್ದೆ. ಅವಳು ನೋಡಿ ಒಳಗೆ ಹೋಗುತ್ತಿದ್ದಳು. ಒಂದು ಮಂಗಳವಾರ ಬೆಳಿಗ್ಗೆ ಎದ್ದು ನನ್ನ ಮುಖ ನೋಡಿ ಏನೋ ಕೇಳಿದಳು. ಅದು ನಮ್ಮ ಮಾತಾಗಿರಲಿಲ್ಲ.

ಜೊತೆಓದಿನ ಮೊದಲ ದಿನ ಬೀದಿಗೆ ಬೀದಿಯೇ ಬಂತು. ಊರಿಗೆ ಊರೇ ಬಂತು ಎಂದರೂ ತಪ್ಪಿಲ್ಲ. ಅಂಬುಜಾ ಚಾಪೆಯ ಮೇಲೆ ಕೂತು ಒಂದು ಪ್ರತಿ ಹಿಡಿದು ಮೆಲ್ಲಗೆ ಓದತೊಡಗಿದಳು. ನಾನು ಎದುರು ಕೂತು ಬೆರಳಿಟ್ಟೆ. ಅವಳ ಬಾಯಲ್ಲಿ ಹತ್ತು ಸಾವಿರ ಬಂತು, ರಾಜ ಬಂದ, ಹುಲಿ ಬಂತು. ಹುಲಿಯ ಸಾಲಿನಲ್ಲಿ ಅವಳು ತಲೆ ಎತ್ತಿ ಒಮ್ಮೆ ನನ್ನನ್ನು ನೋಡಿದಳು. ಜನ ಪುಸ್ತಕವನ್ನು ಕೈಯಿಂದ ಕೈಗೆ ದಾಟಿಸಿ ಹುಬ್ಬೇರಿಸಿದರು. ಎಲ್ಲರೂ ಎದ್ದು ಹೋದ ಮೇಲೆ ಮರಿಸ್ವಾಮಿ ಒಬ್ಬನೇ ಉಳಿದು, "ಆಚಾರ್ರೇ, ಇದರಲ್ಲಿ ಅವರಿಗೆ ಹೊಟ್ಟೆ ನೋವು ಬಂದ್ರೆ ಹೇಳೋಕೆ ಯಾವ ಸಾಲು?" ಎಂದು ಕೇಳಿದ.

"ನನ್ನ ಹೆಂಡ್ತಿಗೆ ಹೊಟ್ಟೆ ನೋವು ಬರಲ್ಲ ಕಣೋ" ಅಂದೆ.

ನಲವತ್ತು ದಿನದ ಕೆಲಸವನ್ನು ಒಂಬತ್ತೇ ದಿನದಲ್ಲಿ ಮುಗಿಸಿದೆ. ಹೋಟೆಲಿನ ಬೆಂಚಿನ ಮೇಲೆ ನಿಂತು, ಆಚೆ ನುಡಿಯನ್ನು ಅರೆದು ಕುಡಿದಿದ್ದೇನೆ, ಇನ್ನು ಅದರಲ್ಲಿ ನನಗೆ ಗೊತ್ತಿಲ್ಲದ ಒಂದು ಸೊಲ್ಲೂ ಉಳಿದಿಲ್ಲ ಎಂದು ಸಾರಿದೆ. ನಿಜಕ್ಕೂ ನನಗೆ ಹುಲಿ, ರಾಜ, ಕೈ, ಭಯ, ನಾನು, ಅವನು, ಹತ್ತು ಸಾವಿರ ಎನ್ನಲು ಬರುತ್ತಿತ್ತು. ಇಲ್ಲ ಎನ್ನಲು ಬರುತ್ತಿರಲಿಲ್ಲ. ನಾನು ಬರೆದ ಅರವತ್ತನಾಲ್ಕು ಸಾಲಿನಲ್ಲಿ ಇಲ್ಲ ಎನ್ನುವ ಮಾತು ಒಂದು ಕಡೆಯೂ ಇರಲಿಲ್ಲ.

ದಾಟಿದವರಿಗೆ ಒಂದು ಚಾಳಿಯಿದೆ. ಬಾಗಿಲು ತೆರೆದಿದ್ದರೆ ಹೊಳೆಯ ಕಡೆಗೆ ನಡೆಯುತ್ತಾರೆ. ಮೆಟ್ಟಿಲ ಮೇಲೆ ಕೂತು ಆಚೆ ದಡ ನೋಡುತ್ತಾರೆ. ಒಬ್ಬಿಬ್ಬರು ನೀರಿಗೆ ಇಳಿದೂ ಬಿಟ್ಟಿದ್ದಾರೆ. ಅದಕ್ಕೇ ಕೆಲಸಕ್ಕೆ ಹೋಗುವವರು ಹೊರಗಿನಿಂದ ಬೀಗ ಹಾಕಿಕೊಂಡು ಹೋಗುತ್ತಾರೆ. ಅವೆಲ್ಲ ನನ್ನ ಕೈಯ ಬೀಗಗಳು. ನಮ್ಮ ಬೀದಿಯಲ್ಲಿ ನನ್ನ ಬೀಗ ಇಲ್ಲದ್ದು ಮರಿಸ್ವಾಮಿಯ ಮನೆ ಒಂದೇ. ಅವನು ಹೊಲಿಗೆ ಮೆಷಿನ್ನನ್ನು ಹೊಸಿಲಿಗೆ ಅಡ್ಡಲಾಗಿ ಇಟ್ಟುಕೊಂಡು ಅಲ್ಲೇ ದಿನವಿಡೀ ತುಳಿಯುತ್ತಿದ್ದ, ಚಿಕ್ಕತಾಯಮ್ಮ ಅವನ ಹಿಂದೆ ಕೂತು ಬೀದಿ ನೋಡುತ್ತಿದ್ದರು. ಸಂಜೆ ಅವನೇ ಕೈ ಹಿಡಿದು ಹೊಳೆಗೆ ಕರೆದುಕೊಂಡು ಹೋಗಿ ಬರುತ್ತಿದ್ದ.

"ಹೊಲಿಗೆ ಮೆಷಿನ್ನು ಬೀಗ ಆಗಲ್ಲ ಕಣೋ ಮರಿಸ್ವಾಮಿ" ಎಂದು ನಾನು ದಾರಿಯಲ್ಲಿ ನಿಂತು ಕೆಣಕುತ್ತಿದ್ದೆ.

"ಅಮ್ಮಂಗೆ ಬೀಗ ಆಗಲ್ಲ ಆಚಾರ್ರೇ" ಎನ್ನುತ್ತಿದ್ದ.

ನನ್ನ ಮನೆಗೆ ನಾನು ನನ್ನ ಜೀವಮಾನದ ಬೀಗ ಮಾಡಿ ಹಾಕಿದೆ. ಒಂದು ಸೇರು ತೂಕ, ಚೌಕಟ್ಟಿಗೆ ಕಚ್ಚಿಕೊಳ್ಳುವ ನಾಲ್ಕು ನಾಲಿಗೆ. ಬೆಳಿಗ್ಗೆ ನಾನು ಕಮ್ಮಟಕ್ಕೆ ಹೊರಟಾಗ ಅಂಬುಜಾ ಬಾಗಿಲವರೆಗೆ ಬಂದು, ಚೌಕಟ್ಟು ಹಿಡಿದು ನಿಂತು, ದಿನವೂ ಒಂದೇ ಮಾತು ಹೇಳುತ್ತಿದ್ದಳು. ಉದ್ದದ ಮಾತಲ್ಲ. ಅದರಲ್ಲಿ ನನಗೆ ಗೊತ್ತಿದ್ದ ಒಂದೇ ಒಂದು ಪದವಿತ್ತು, ಭಯ. ಭಯ ಎಂದರೆ ನನ್ನ ನಾಲ್ಕನೇ ಸಾಲು. ಅವನನ್ನು ಕಂಡರೆ ಭಯಕ್ಕೇ ಭಯ. ನನ್ನ ಹೆಂಡತಿ ಪುಸ್ತಕದ ಮಾತನ್ನೇ ತಿರುಗಿಸಿ ನನ್ನನ್ನು ಹರಸಿ ಕಳಿಸುತ್ತಿದ್ದಾಳೆ ಎಂದು ಎದೆ ಉಬ್ಬಿಸಿ, ಅವಳ ಕೆನ್ನೆ ತಟ್ಟಿ, ಬಾಗಿಲೆಳೆದು ನಾಲ್ಕೂ ನಾಲಿಗೆ ಬೀಳುವ ಹಾಗೆ ಬೀಗ ತಿರುಗಿಸುತ್ತಿದ್ದೆ. ಹೋಟೆಲಿನಲ್ಲಿ ಇದನ್ನು ಎಷ್ಟು ಸಲ ಹೇಳಿದ್ದೇನೋ. ನಿಮ್ಮ ಹೆಂಡಿರು ಮಾತು ಇರುವಾಗಲೇ ನಿಮ್ಮನ್ನು ಹೊಗಳಲಿಲ್ಲ, ನನ್ನವಳು ದಾಟಿದ ಮೇಲೂ ಬಿಟ್ಟಿಲ್ಲ, ಎಂದು. ಏಳು ತಿಂಗಳು ಹೀಗೆ ನಡೆಯಿತು. ಈ ಏಳನ್ನು ನಾನು ಹೆಚ್ಚಿಸಿ ಹೇಳುತ್ತಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಅವಳು ಬಾಗಿಲಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತಿದ್ದಳು, ಪುಸ್ತಕ ಕೊಟ್ಟರೆ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಳು, ಓದುತ್ತಿರಲಿಲ್ಲ. ಹಾಕಿದ ಅನ್ನ ಆರಿ ಗಟ್ಟಿಯಾಗುತ್ತಿತ್ತು. ನಮ್ಮೂರಿನವರಿಗೆ ಇದರ ಅರ್ಥ ಗೊತ್ತು. ದಾಟಿದವರು ಪೂರ್ತಿ ಮಾತು ನಿಲ್ಲಿಸಿದರೆ ತಿಂಗಳೊಳಗೆ ಹೋಗಿಬಿಡುತ್ತಾರೆ. ನಾನು ಹುಲಿಯ ಸಾಲನ್ನು ಆಚೆ ನುಡಿಯಲ್ಲಿ ಹೇಳಿ ನೋಡಿದೆ, ರಾಜನ ಸಾಲು ಹೇಳಿದೆ. ಅವಳು ಕಣ್ಣು ಕೂಡ ತಿರುಗಿಸಲಿಲ್ಲ. ಅವಳು ಬಾಗಿಲಲ್ಲಿ ಹೇಳುತ್ತಿದ್ದ ಮಾತಿಗೆ ಇಷ್ಟು ದಿನ ನಾನು ತಿರುಗಿ ಏನೂ ಹೇಳಿರಲಿಲ್ಲ ಎಂದು ಆಗ ಹೊಳೆಯಿತು. ಅದಕ್ಕೊಂದು ಉತ್ತರ ಕೊಟ್ಟರೆ ಮತ್ತೆ ಮಾತಾಡಿಯಾಳು. ಆದರೆ ಉತ್ತರ ಕೊಡಬೇಕಾದರೆ ಆ ಮಾತು ಪೂರ್ತಿ ತಿಳಿಯಬೇಕು.

ಹತ್ತನೆಯ ದಿನ ನಾನು ಮರಿಸ್ವಾಮಿಯ ಹೊಸಿಲ ಮುಂದೆ ನಿಂತೆ. ಅವನು ಮೆಷಿನ್ನು ನಿಲ್ಲಿಸಲಿಲ್ಲ.

"ಏನು ಆಚಾರ್ರೇ, ಬೀಗ ಮಾರೋಕಾ?"

"ನಿಮ್ಮಮ್ಮನ ಪುಸ್ತಕ ಕೊಡು. ಜೊತೆಓದಿಗೆ ಕೂರ್ತೀನಿ."

"ನೀವಾ? ಬೆನ್ನು ತುರಿಸುತ್ತಿದೆ ಅನ್ನೋ ಪುಸ್ತಕಕ್ಕಾ?"

"ಕೊಡೋ ಮಾರಾಯ" ಅಂದೆ. ನನ್ನ ದನಿ ಹೇಗಿತ್ತೋ, ಅವನು ಮೆಷಿನ್ನು ನಿಲ್ಲಿಸಿ ಪಕ್ಕಕ್ಕೆ ಸರಿಸಿ ದಾರಿ ಮಾಡಿದ.

ಚಿಕ್ಕತಾಯಮ್ಮನಿಗೆ ಎಂಬತ್ತು. ಹಲ್ಲಿಲ್ಲದಿದ್ದರೂ ದನಿ ಸ್ಪಷ್ಟವಾಗಿತ್ತು. ಎದುರು ಯಾರೋ ಪುಸ್ತಕ ಹಿಡಿದು ಕೂತದ್ದು ಕಂಡು ಅವರಿಗೆ ಸಂತೋಷವಾಗಿ ಸೆರಗು ಸರಿಮಾಡಿಕೊಂಡು ಓದಿದರು. ನಾನು ಬೆರಳಿಟ್ಟೆ. ನೀರು ಬೇಕು. ಅನ್ನ ಸಾಕು, ಇನ್ನು ಬೇಡ. ಬೆಕ್ಕಿಗೆ ಹಾಲು ಹಾಕಿ. ಕಾಲು ಒತ್ತಿ. ಒಂದೊಂದು ಸಾಲೂ ಹಾದುಹೋದಂತೆ ನನ್ನ ಮನೆಯಲ್ಲಿ ಅಂಬುಜಾ ಯಾವ ಯಾವ ಹೊತ್ತಿನಲ್ಲಿ ಏನೇನು ಕೇಳಿದ್ದಳು ಎಂದು ಹಿಂದಿನಿಂದ ಬೆಳಕು ಬಿದ್ದ ಹಾಗಾಗುತ್ತಿತ್ತು. ಕಾಲು ಒತ್ತಿ ಎಂದು ಅವಳು ಎಷ್ಟೋ ಸಲ ಹೇಳಿದ್ದಳು. ನಾನು ಹಾಡು ಹೇಳುತ್ತಿದ್ದಾಳೆ ಎಂದುಕೊಂಡಿದ್ದೆ. ಹತ್ತೊಂಬತ್ತನೆಯ ಸಾಲಿಗೆ ಬಂದಾಗ ಚಿಕ್ಕತಾಯಮ್ಮನ ಬಾಯಿಂದ ಆ ಮಾತು ಬಂತು. ಅದೇ ಏರಿಳಿತ, ಕೊನೆಯಲ್ಲಿ ಅದೇ ಭಯ. ನಾನು ಬೆರಳು ನೋಡಿದೆ. ಬೆರಳಿನ ಕೆಳಗೆ ಮರಿಸ್ವಾಮಿಯ ದುಂಡು ಅಕ್ಷರದಲ್ಲಿ ಬರೆದಿತ್ತು: ಬೀಗ ಹಾಕಬೇಡಿ, ಒಬ್ಬಳೇ ಇರಲು ಭಯ.

ಮರಿಸ್ವಾಮಿ ನನ್ನ ಮುಖವನ್ನೇ ನೋಡುತ್ತಿದ್ದ. "ಅಕ್ಕ ದಿನಾ ಬೆಳಿಗ್ಗೆ ಅದನ್ನ ಹೇಳ್ತಿದ್ದದ್ದು ನನಗೆ ಇಲ್ಲಿಗೇ ಕೇಳಿಸ್ತಿತ್ತು" ಅಂದ.

"ಕೇಳಿಸ್ತಿದ್ರೆ ಒಂದು ಮಾತು ಹೇಳೋದಲ್ವೇನೋ?"

"ಆಚೆ ನುಡಿ ಅರೆದು ಕುಡಿದಿದ್ದೀನಿ ಅಂತ ನೀವೇ ಹೇಳಿದ್ರಲ್ಲ ಆಚಾರ್ರೇ. ಗೊತ್ತಿದ್ದೂ ಹಾಕ್ತೀರಿ ಅಂದ್ಕೊಂಡೆ. ನಿಮ್ಮ ಮೇಲೆ ಎಷ್ಟು ಕೋಪ ಇಟ್ಕೊಂಡಿದ್ದೆ ಗೊತ್ತಾ?"

ನಾನು ಎದ್ದು ಮನೆಗೆ ಬಂದೆ. ಬೀಗ ತೆರೆಯುವಾಗ ಮೊದಲ ಬಾರಿಗೆ ಅದರ ಸದ್ದನ್ನು ಒಳಗೆ ಇರುವವರ ಕಿವಿಯಿಂದ ಕೇಳಿಸಿಕೊಂಡೆ. ಬಾಗಿಲನ್ನು ಕೀಲಿನಿಂದ ಕಳಚಿ, ಹೊತ್ತು, ಹಿತ್ತಲ ಗೋಡೆಗೆ ಒರಗಿಸಿದೆ. ನಾನೊಬ್ಬನೇ ಹೊತ್ತೆ ಎಂದು ಹೇಳಬೇಕೆನಿಸುತ್ತಿದೆ. ಇಲ್ಲ, ಮರಿಸ್ವಾಮಿ ಇನ್ನೊಂದು ತುದಿ ಹಿಡಿದಿದ್ದ. ಬಾಗಿಲಿದ್ದ ಜಾಗದಿಂದ ಬಿಸಿಲು ಒಳಗೆ ಬಂದು ಅಂಬುಜಾಳ ಬೆನ್ನ ಮೇಲೆ ಬಿತ್ತು. ಅವಳು ತಿರುಗಲಿಲ್ಲ.

ಎಂಟು ದಿನ ಚಿಕ್ಕತಾಯಮ್ಮನ ಎದುರು ಕೂತೆ. ನಾನು ಅಲ್ಲಿರುವಷ್ಟು ಹೊತ್ತು ಮರಿಸ್ವಾಮಿ ತನ್ನ ಮೆಷಿನ್ನನ್ನು ನನ್ನ ಹೊಸಿಲಿಗೆ ತಂದಿಟ್ಟುಕೊಂಡು ಹೊಲಿಯುತ್ತಿದ್ದ. ಊರಿಗೆ ಗುರುವಾಗಬೇಕಾದವನು ನಾನು, ಹಲ್ಲಿಲ್ಲದ ಮುದುಕಿಯ ಮುಂದೆ ಬೆರಳಿಟ್ಟುಕೊಂಡು ಬೇಡ, ಇಲ್ಲ, ಸಾಕು ಎಂದು ಕಲಿತೆ. ಬೆಕ್ಕು ಕಲಿತೆ. ಒಂಬತ್ತನೆಯ ದಿನ ಬೆಳಿಗ್ಗೆ ಅಂಬುಜಾಳ ಮುಂದೆ ಹೋಗಿ ಕೂತೆ. ಅವಳು ಬಹಳ ಇಳಿದುಹೋಗಿದ್ದಳು, ಬಳೆ ಮೊಣಕೈವರೆಗೆ ಜಾರುತ್ತಿತ್ತು. ನಾನು ಆಚೆ ನುಡಿಯಲ್ಲಿ ಹೇಳಿದೆ. ಬೀಗ ಇಲ್ಲ. ಅವಳು ಅಲ್ಲಾಡಲಿಲ್ಲ. ಮತ್ತೆ ಹೇಳಿದೆ. ಬೀಗ ಇಲ್ಲ, ಇನ್ನು ಬೇಡ. ಅವಳ ತಲೆ ನಿಧಾನವಾಗಿ ಬಾಗಿಲಿದ್ದ ಜಾಗದ ಕಡೆಗೆ ತಿರುಗಿತು. ಬೀದಿಯಲ್ಲಿ ಯಾರೋ ಸೈಕಲ್ಲು ತಳ್ಳಿಕೊಂಡು ಹೋಗುತ್ತಿದ್ದರು. ಅವಳು ಅವರು ಮರೆಯಾಗುವವರೆಗೆ ನೋಡಿದಳು.

ನನಗೆ ಇನ್ನೂ ಹೇಳುವುದಿತ್ತು. ನನ್ನ ಬಳಿ ಇದ್ದ ಮಾತುಗಳಲ್ಲಿ ಅರ್ಧ ನನ್ನ ಜಂಬದವು, ಅರ್ಧ ಚಿಕ್ಕತಾಯಮ್ಮನ ಅಡುಗೆಮನೆಯವು. ಅವನ್ನೇ ಜೋಡಿಸಿದೆ. ರಾಜ ಇಲ್ಲ. ಹತ್ತು ಸಾವಿರ ಇಲ್ಲ. ಹುಲಿ ಇಲ್ಲ, ಬೆಕ್ಕು. ನನಗೆ ಭಯ.

ಅಂಬುಜಾ ನನ್ನನ್ನು ನೋಡಿದಳು. ತುಟಿಯ ಒಂದು ತುದಿ ಮೇಲೆ ಹೋಯಿತು, ಅಟ್ಟದ ಮೇಲೆ ಕೂತಿದ್ದವನನ್ನು ಮೊರ ಹಿಡಿದು ಕೆಳಗಿನಿಂದ ನೋಡಿದ್ದ ಹಾಗೆ. ನನಗೆ ನಗು ಬರಲಿಲ್ಲ. ಅವಳು ಅದನ್ನು ಗಮನಿಸಿದಳು ಎಂದು ಈಗಲೂ ಆಣೆ ಮಾಡಿ ಹೇಳುತ್ತೇನೆ. ತೊಡೆಯ ಮೇಲಿದ್ದ ಪುಸ್ತಕವನ್ನು ತೆರೆದು, ಪುಟ ತಿರುವಿ, ಖಾಲಿ ಬಿಟ್ಟಿದ್ದ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ನಾಲ್ಕು ಮಾತು ಹೇಳಿದಳು. ನನಗೆ ಒಂದೂ ತಿಳಿಯಲಿಲ್ಲ. ಇನ್ನೊಮ್ಮೆ ಹೇಳು ಎನ್ನಲು ಬರುತ್ತಿರಲಿಲ್ಲ, ಚಿಕ್ಕತಾಯಮ್ಮನ ಪುಸ್ತಕದಲ್ಲಿ ಆ ಸಾಲಿಲ್ಲ. ಆದರೂ ಅವಳೇ ಇನ್ನೊಮ್ಮೆ ಹೇಳಿದಳು, ನಿಧಾನವಾಗಿ, ನನ್ನ ಬೆರಳನ್ನು ಎಳೆದು ಆ ಖಾಲಿ ಜಾಗದ ಮೇಲಿಟ್ಟು. ಆಮೇಲೆ ಎರಡು ತುತ್ತು ಉಂಡಳು. ಸಂಜೆ ನನ್ನ ಕೈ ಹಿಡಿದು ಹೊಳೆಗೆ ನಡೆದಳು, ಮೆಟ್ಟಿಲ ಮೇಲೆ ಕೂತು ಬಂದಳು. ಐದು ದಿನ ಹೀಗೆಯೇ ಹೋಗಿ ಬಂದೆವು. ಆರನೆಯ ದಿನ ಏಳಲಿಲ್ಲ.

ಆ ನಾಲ್ಕು ಮಾತು ನನ್ನ ಕಿವಿಯಲ್ಲಿ ಹಾಗೇ ಇದೆ. ಅದನ್ನು ಹುಡುಕಿಕೊಂಡು, ಕೂರುವ ಮಣೆಯೊಂದನ್ನು ಬಗಲಲ್ಲಿಟ್ಟುಕೊಂಡು ಊರಿನ ಮನೆಮನೆಗೂ ಹೋದೆ. ದಾಟಿದವರಿರುವ ಎಲ್ಲ ಮನೆಗಳಲ್ಲೂ ಕೂತೆ. ನೂರು ಮನೆ ಎನ್ನಬಹುದಿತ್ತು, ಇಪ್ಪತ್ತಮೂರು. ಪ್ರತಿ ಸಾಲಿನ ಮೇಲೂ ಬೆರಳಿಟ್ಟೆ. ಜಗಳದ ಮಾತು, ಆಸ್ತಿಯ ಮಾತು, ಹಳೆಯ ಪ್ರೀತಿಯ ಮಾತು, ಕ್ಷಮಿಸು ಎನ್ನುವ ಮಾತು, ಹಾಳಾಗಿ ಹೋಗು ಎನ್ನುವ ಮಾತು, ಎಲ್ಲ ಕಲಿತೆ. ಅವಳ ನಾಲ್ಕು ಮಾತು ಯಾರ ಪುಸ್ತಕದಲ್ಲೂ ಇಲ್ಲ. ಈಗ ಈ ಊರಿನಲ್ಲಿ ಆಚೆ ನುಡಿ ನನ್ನಷ್ಟು ಬಲ್ಲವರು ನಿಜವಾಗಿಯೂ ಇನ್ನೊಬ್ಬರಿಲ್ಲ. ಹೋಟೆಲಿನಲ್ಲಿ ಇದನ್ನು ಹೇಳಿದರೆ ಪುಟ್ಟರುದ್ರ, "ಹುಲಿ ಸಮಾಚಾರ ಏನು ಆಚಾರ್ರೇ?" ಎಂದು ಕೇಳುತ್ತಾನೆ, ಬೆಂಚು ತುಂಬ ನಗು. ಆ ಮಾತುಗಳನ್ನು ಇಲ್ಲಿ ನಮ್ಮ ಅಕ್ಷರದಲ್ಲಿ ಬರೆದು ತೋರಿಸಬಹುದಿತ್ತು. ಬರೆಯುವುದಿಲ್ಲ. ಬರೆದರೆ ನೀವು ನಿಮಗೆ ಇಷ್ಟ ಬಂದ ಅರ್ಥ ಹಚ್ಚುತ್ತೀರಿ. ಏಳು ತಿಂಗಳು ನಾನು ಮಾಡಿದ್ದೂ ಅದನ್ನೇ.

ಈಗ ಬೀಗ ಮಾಡುವುದಿಲ್ಲ. ಬಾಗಿಲಿನ ಕೀಲು ಮಾಡುತ್ತೇನೆ, ಎಣ್ಣೆ ಬಿಡುತ್ತೇನೆ. ನನಗೆ ಅರವತ್ತೆಂಟು, ನನ್ನ ಸರದಿ ದೂರವಿಲ್ಲ. ಪುಸ್ತಕ ಬರೆದಿಟ್ಟಿದ್ದೇನೆ. ನೀರು ಬೇಕು. ಬಾಗಿಲು ತೆರೆದಿರಲಿ. ಕಾಲು ಒತ್ತಿ. ಹೀಗೆ ಹನ್ನೊಂದು ಸಾಲು, ಆಮೇಲೆ ಒಂದು ಸಾಲಿನ ಜಾಗ ಖಾಲಿ. ಇನ್ನೊಂದು ಪ್ರತಿ ಹಿಡಿದು ಕೂರಲು ಮರಿಸ್ವಾಮಿ ಒಪ್ಪಿದ್ದಾನೆ. "ಇಷ್ಟೇನಾ? ನಿಮ್ಮ ಮನೆ ಪುಸ್ತಕ ಇಷ್ಟು ಸಣ್ಣದಾ?" ಎಂದು ಕೆಣಕಿದ. ಒಂದು ಬೆಳಿಗ್ಗೆ ನಾನು ಏಳುತ್ತೇನೆ, ಅಂಬುಜಾ ಹೇಳಿದ್ದು ನನಗೆ ತಾನಾಗಿ ತಿಳಿಯುತ್ತದೆ. ಮರಿಸ್ವಾಮಿ ಎದುರಿಗೆ ಕೂತಿರುತ್ತಾನೆ. ನಾನು ಅದನ್ನು ಅವನಿಗೆ ಹೇಳುತ್ತೇನೆ, ಒಂದಕ್ಷರವೂ ಹೆಚ್ಚಿಸದೆ. ಅವನ ಬೆರಳು ಖಾಲಿ ಸಾಲಿನ ಮೇಲೆ ನಿಂತಿರುತ್ತದೆ.